'ತೂಕ ಇಳಿಸಿಕೊಂಡು ಬನ್ನಿ' ಎಂದಷ್ಟೇ ಹೇಳಿ ಕಳಿಸಿದ ಕಾಲ

ಮಂಡಿ ನೋವು ಅಂತ ಹೋದರೂ, ಬಿಪಿ ಅಂತ ಹೋದರೂ, ಉಸಿರು ಕಟ್ಟುತ್ತದೆ ಅಂತ ಹೋದರೂ ದಪ್ಪ ಇರುವವರಿಗೆ ಸಿಗುವ ಸಲಹೆ ಹೆಚ್ಚಾಗಿ ಒಂದೇ: ತೂಕ ಇಳಿಸಿಕೊಂಡು ಬನ್ನಿ. ಹೇಗೆ ಇಳಿಸಬೇಕು? ಇಳಿಸಿದ್ದು ಮತ್ತೆ ಏರದ ಹಾಗೆ ಯಾರು ನೋಡಿಕೊಳ್ಳುತ್ತಾರೆ? ಇದಕ್ಕೆ ಉತ್ತರ ಇರುವುದಿಲ್ಲ. ತಪ್ಪು ಡಾಕ್ಟರದ್ದು ಮಾತ್ರ ಅಲ್ಲ. ಬೊಜ್ಜು ಎಂದರೆ ಒಂದಷ್ಟು ತಿಂಗಳು ಬಾಯಿ ಕಟ್ಟಿದರೆ ಮುಗಿಯುವ ಸಮಸ್ಯೆ ಎಂದುಕೊಂಡೇ ಆರೋಗ್ಯ ವ್ಯವಸ್ಥೆಗಳು ಬೆಳೆದವು. ಅದರ ಬೆಲೆ ಇವತ್ತಿಗೂ ಜನ ತೆರುತ್ತಿದ್ದಾರೆ.

ಮೊದಲು ಅಳತೆಯ ವಿಷಯ. ಎತ್ತರಕ್ಕೆ ತಕ್ಕ ತೂಕ ಇದೆಯಾ ಎಂದು ನೋಡುವ ಬಿಎಂಐ (ಬಾಡಿ ಮಾಸ್ ಇಂಡೆಕ್ಸ್) ಹುಟ್ಟಿದ್ದು ಆಸ್ಪತ್ರೆಯಲ್ಲಿ ಅಲ್ಲ. 1830ರ ದಶಕದಲ್ಲಿ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಎಂಬ ಗಣಿತಜ್ಞ ಸಮಾಜದ ಸರಾಸರಿ ಮನುಷ್ಯ ಹೇಗಿರುತ್ತಾನೆ ಎಂದು ಲೆಕ್ಕ ಹಾಕಲು ಹೊರಟಾಗ ಈ ಸೂತ್ರ ಸಿಕ್ಕಿತು: ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವುದು. ಅವನಿಗೆ ಬೊಜ್ಜಿನ ಚಿಂತೆಯೇ ಇರಲಿಲ್ಲ. ತೂಕ ಜಾಸ್ತಿಯಾದರೆ ಆಯಸ್ಸು ಕಡಿಮೆ ಎಂದು ಲೆಕ್ಕ ಇಟ್ಟು ತೋರಿಸಿದವರಲ್ಲಿ ಅಮೆರಿಕದ ಜೀವವಿಮಾ ಕಂಪನಿಗಳು ಮುಂದಿದ್ದವು. 1940ರ ದಶಕದಲ್ಲಿ ಮೆಟ್ರೋಪಾಲಿಟನ್ ಲೈಫ್ ಕಂಪನಿ ಹೊರತಂದ ಎತ್ತರ-ತೂಕದ ಪಟ್ಟಿಯನ್ನು ಡಾಕ್ಟರುಗಳೂ ಬಳಸತೊಡಗಿದರು. 1972ರಲ್ಲಿ ಅಮೆರಿಕದ ಸಂಶೋಧಕ ಆನ್ಸೆಲ್ ಕೀಸ್ ಮತ್ತು ಜೊತೆಗಾರರು ಕೆಟ್ಲೆಯ ಸೂತ್ರಕ್ಕೆ ಬಿಎಂಐ ಎಂದು ಹೆಸರಿಟ್ಟರು. ಜನಸಮೂಹಗಳನ್ನು ಅಧ್ಯಯನ ಮಾಡಲು ಇದು ಚೆನ್ನಾಗಿ ಒದಗುತ್ತದೆ ಎನ್ನುವುದು ಅವರ ಮಾತಾಗಿತ್ತು. ಆದರೆ ಮುಂದೆ ಒಬ್ಬೊಬ್ಬ ರೋಗಿಗೆ ಚಿಕಿತ್ಸೆ ಕೊಡಬೇಕೋ ಬೇಡವೋ ಎನ್ನುವುದೂ ಇದೇ ಸಂಖ್ಯೆಯ ಮೇಲೆ ನಿಂತಿತು. 25 ದಾಟಿದರೆ ತೂಕ ಜಾಸ್ತಿ, 30 ದಾಟಿದರೆ ಬೊಜ್ಜು. ಏಷ್ಯಾದ ಜನರಲ್ಲಿ ಇದಕ್ಕಿಂತ ಕಡಿಮೆ ಬಿಎಂಐ ಇರುವಾಗಲೇ ಸಕ್ಕರೆ ಕಾಯಿಲೆ ಶುರುವಾಗುವುದರಿಂದ, ಅವರ ವಿಷಯದಲ್ಲಿ 23 ಮತ್ತು 27.5ಕ್ಕೇ ಎಚ್ಚರ ವಹಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಹೇಳಿದರು.

ಇನ್ನು ಮಾತ್ರೆಗಳು. ಈ ಭಾಗ ಓದಿದರೆ ಹೊಟ್ಟೆ ಉರಿಯುತ್ತದೆ. 1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಡೈನೈಟ್ರೋಫೆನಾಲ್ ತೂಕ ಇಳಿಸುತ್ತದೆ ಎಂದು ವರದಿ ಮಾಡಿದರು. ಸಿಡಿಮದ್ದು ಕಾರ್ಖಾನೆಗಳಲ್ಲಿ ಬಳಕೆಯಾಗುತ್ತಿದ್ದ ರಾಸಾಯನಿಕ ಅದು. ತೂಕ ಇಳಿಯಿತು ನಿಜ, ಆದರೆ ಮೈ ಶಾಖ ಏರಿ ಕೆಲವರು ಸತ್ತರು, ಎಷ್ಟೋ ಜನರ ಕಣ್ಣಿಗೆ ಪೊರೆ ಬಂತು. 1938ರಲ್ಲಿ ಅಮೆರಿಕ ಹೊಸ ಔಷಧ ಕಾನೂನು ತಂದ ಮೇಲೆ ಅದು ನಿಂತಿತು. ಆಮೇಲೆ ನರಗಳನ್ನು ಕೆರಳಿಸಿ ಹಸಿವು ಅಡಗಿಸುವ ಆಂಫೆಟಮಿನ್ ಬಂತು. ಅದನ್ನೇ ಥೈರಾಯ್ಡ್ ಹಾರ್ಮೋನ್, ಮೂತ್ರ ಹೆಚ್ಚಿಸುವ ಔಷಧ, ಹೃದಯದ ಔಷಧ ಎಲ್ಲದರ ಜೊತೆ ಸೇರಿಸಿ ಬಣ್ಣಬಣ್ಣದ ಮಾತ್ರೆಗಳಾಗಿ ಕೊಡುವ ಕ್ಲಿನಿಕ್‌ಗಳು 1960ರ ದಶಕದಲ್ಲಿ ಜೋರಾಗಿ ನಡೆದವು. ಸಾವುಗಳು ಸುದ್ದಿಯಾದ ಮೇಲೆ ಸರ್ಕಾರ ಎಚ್ಚೆತ್ತಿತು. 1990ರ ದಶಕದಲ್ಲಿ ಫೆನ್-ಫೆನ್ ಎಂಬ ಜೋಡಿ ಔಷಧ ಲಕ್ಷಾಂತರ ಜನರ ಕೈ ಸೇರಿತ್ತು. 1997ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು ಅದನ್ನು ತೆಗೆದುಕೊಂಡ 24 ಮಹಿಳೆಯರ ಹೃದಯದ ಕವಾಟ ಕೆಟ್ಟಿರುವುದನ್ನು ವರದಿ ಮಾಡಿದರು. ಅದೇ ಸೆಪ್ಟೆಂಬರ್‌ನಲ್ಲಿ ಆ ಜೋಡಿಯ ಫೆನ್‌ಫ್ಲುರಮಿನ್ ಮಾರುಕಟ್ಟೆಯಿಂದ ಹೋಯಿತು. ಖಿನ್ನತೆಯ ಭಯದಿಂದ 2008ರಲ್ಲಿ ರಿಮೊನಾಬಾಂಟ್, ಹೃದಯಾಘಾತದ ಭಯದಿಂದ 2010ರಲ್ಲಿ ಸಿಬುಟ್ರಮಿನ್ ಎಂಬ ತೂಕದ ಮಾತ್ರೆಗಳೂ ಹೋದವು. ಹೀಗೆ ಒಂದಾದ ಮೇಲೊಂದು ಔಷಧ ಕೈಕೊಡುತ್ತಾ ಹೋದಾಗ, ಇದಕ್ಕೆ ಔಷಧವೇ ಬೇಡ, ರೋಗಿಯೇ ಮನಸ್ಸು ಗಟ್ಟಿ ಮಾಡಿಕೊಳ್ಳಲಿ ಎನ್ನುವ ಅಭಿಪ್ರಾಯ ವೈದ್ಯರಲ್ಲೂ ಸರ್ಕಾರಗಳಲ್ಲೂ ಬಲವಾಗಿದ್ದರೆ ಆಶ್ಚರ್ಯವೇನಿಲ್ಲ.

ಆಪರೇಷನ್ ಮಾತ್ರ ಉಳಿದುಕೊಂಡಿತು. 1960ರ ದಶಕದಲ್ಲಿ ಅಮೆರಿಕದ ಅಯೋವಾದ ಸರ್ಜನ್ ಎಡ್ವರ್ಡ್ ಮೇಸನ್, ಜಠರವನ್ನು ಚಿಕ್ಕದು ಮಾಡಿ ಕರುಳಿಗೆ ಅಡ್ಡದಾರಿ ಹಾಕುವ ಗ್ಯಾಸ್ಟ್ರಿಕ್ ಬೈಪಾಸ್ ಶುರು ಮಾಡಿದರು. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಇದಕ್ಕೆ ಗೆರೆ ಎಳೆಯಿತು: ಬಿಎಂಐ 40 ಇರಬೇಕು, ಅಥವಾ 35ರ ಜೊತೆಗೆ ಗಂಭೀರ ಕಾಯಿಲೆ ಇರಬೇಕು. ಆ ಗೆರೆ ಮೂವತ್ತು ವರ್ಷ ಕದಲಲಿಲ್ಲ. ಆಪರೇಷನ್ ಆದವರಲ್ಲಿ ಸಾವು ಕಡಿಮೆ ಎಂದು ಸ್ವೀಡನ್‌ನ ದೊಡ್ಡ ಅಧ್ಯಯನವೊಂದು 2007ರಲ್ಲಿ ತೋರಿಸಿದ ಮೇಲೂ, ಅರ್ಹರಲ್ಲಿ ಆಪರೇಷನ್ ತನಕ ತಲುಪುವವರು ಬೆರಳೆಣಿಕೆಯಷ್ಟೇ.

ಅಷ್ಟರಲ್ಲಿ ವಿಜ್ಞಾನ ಬೇರೆಯೇ ಮಾತು ಹೇಳಲು ಶುರು ಮಾಡಿತ್ತು. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಹಾರ್ಮೋನ್ ಪತ್ತೆ ಮಾಡಿತು. ಕೊಬ್ಬು ಸುಮ್ನೆ ಕೂತ ದಾಸ್ತಾನಲ್ಲ, ಅದು ಮಿದುಳಿನ ಜೊತೆ ಮಾತಾಡುತ್ತಲೇ ಇರುತ್ತದೆ ಎಂದು ಗೊತ್ತಾಯಿತು. ತೂಕ ಇಳಿದಾಗ ಲೆಪ್ಟಿನ್ ಕುಸಿಯುತ್ತದೆ, ಹಸಿವು ಹೆಚ್ಚುತ್ತದೆ, ಮೈ ಖರ್ಚು ಮಾಡುವ ಶಕ್ತಿ ಕಡಿಮೆಯಾಗುತ್ತದೆ. ಟಿವಿ ಸ್ಪರ್ಧೆಯೊಂದರಲ್ಲಿ ಭಾರೀ ತೂಕ ಇಳಿಸಿದ್ದ 14 ಜನರನ್ನು ಆರು ವರ್ಷದ ನಂತರ ಪರೀಕ್ಷಿಸಿದ ಅಧ್ಯಯನ 2016ರಲ್ಲಿ ಬಂತು. ಹೆಚ್ಚಿನವರ ತೂಕ ಮತ್ತೆ ಏರಿತ್ತು. ಅಷ್ಟಾದರೂ ವಿಶ್ರಾಂತಿಯಲ್ಲಿ ಅವರ ಮೈ, ಅಂಥ ಮೈಗೆ ಲೆಕ್ಕದ ಪ್ರಕಾರ ಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯೇ ಖರ್ಚು ಮಾಡುತ್ತಿತ್ತು. ಆರು ವರ್ಷ ಕಳೆದರೂ ಮೈ ಹಿಂದಕ್ಕೆ ಜಗ್ಗುತ್ತಲೇ ಇದೆ ಎಂದಾದರೆ, ಆ ಮನುಷ್ಯನಿಗೆ ಛಲ ಇಲ್ಲ ಎಂದು ಬಯ್ಯುವುದು ಅನ್ಯಾಯ ಅಲ್ವಾ?

ನಿಯಮಗಳು ಮಾತ್ರ ಹಿಂದೆಯೇ ಉಳಿದವು. ಬೊಜ್ಜನ್ನೇ ಒಂದು ಕಾಯಿಲೆ ಎಂದು ಎಣಿಸಲಾಗದು ಎಂಬ ಸಾಲು ಅಮೆರಿಕದಲ್ಲಿ ಮುಖ್ಯವಾಗಿ ವಯಸ್ಸಾದವರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನ ಕೈಪಿಡಿಯಿಂದ ಹೋಗಿದ್ದು 2004ರಲ್ಲಿ. ಅದಕ್ಕೆ ಒಂದೇ ವರ್ಷ ಮೊದಲು ಮಾಡಿದ ಕಾನೂನು ತೂಕ ಇಳಿಸುವ ಔಷಧಗಳನ್ನು ಮೆಡಿಕೇರ್‌ನ ಔಷಧ ವಿಮೆಯಿಂದ ಹೊರಗಿಟ್ಟಿತ್ತು. ಬೊಜ್ಜು ಒಂದು ರೋಗ ಎಂದು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಹೇಳಿದ್ದು 2013ರಲ್ಲಿ.

ಆಮೇಲೆ ಸೆಮಾಗ್ಲುಟೈಡ್ ಬಂತು. ಮೊದಲು ಸಕ್ಕರೆ ಕಾಯಿಲೆಗೆ ಬಂದ ಔಷಧ ಇದು, 2021ರಲ್ಲಿ ಬೊಜ್ಜಿಗೂ ಒಪ್ಪಿಗೆ ಸಿಕ್ಕಿತು. ವಾರಕ್ಕೊಂದು ಇಂಜೆಕ್ಷನ್. 68 ವಾರಗಳ ಪರೀಕ್ಷೆಯಲ್ಲಿ ಸರಾಸರಿ ಸುಮಾರು ಶೇ 15 ತೂಕ ಇಳಿಯಿತು. ಮೊದಲೇ ಹೃದ್ರೋಗ ಇದ್ದು ತೂಕವೂ ಜಾಸ್ತಿ ಇದ್ದ 17,604 ಜನರ ಮೇಲೆ ನಡೆದ ಇನ್ನೊಂದು ಪರೀಕ್ಷೆಯಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾರೆ ಶೇ 20 ಕಡಿಮೆಯಾದವು. ಹಳೆಯ ಮಾತ್ರೆಗಳು ಹೃದಯ ಕೆಡಿಸಿದ್ದನ್ನು ನೆನೆದರೆ ಇದು ಎಷ್ಟು ದೊಡ್ಡ ವಿಷಯ ಎಂದು ತಿಳಿಯುತ್ತದೆ. ಆದರೆ ಇಂಜೆಕ್ಷನ್ ಮತ್ತು ಅದರ ಜೊತೆ ಕೊಡುತ್ತಿದ್ದ ಊಟ-ವ್ಯಾಯಾಮದ ಸಲಹೆ ಎರಡನ್ನೂ ನಿಲ್ಲಿಸಿದ ಒಂದೇ ವರ್ಷದಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಭಾಗ ವಾಪಸ್ ಬಂತು.

ಇಷ್ಟು ಗೊತ್ತಿದ್ದೂ ಇಂಗ್ಲೆಂಡ್‌ನಲ್ಲಿ ಔಷಧಗಳ ಬಗ್ಗೆ ತೀರ್ಮಾನಿಸುವ ನೈಸ್ ಸಂಸ್ಥೆ 2023ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಾಗ ಹೆಚ್ಚೆಂದರೆ ಎರಡು ವರ್ಷ ಎಂದು ಮಿತಿ ಹಾಕಿತು. ತೂಕಕ್ಕೆಂದೇ ಇರುವ ತಜ್ಞ ಕ್ಲಿನಿಕ್‌ಗಳಲ್ಲಿ ಚಿಕಿತ್ಸೆ ಅಷ್ಟು ಕಾಲವೇ ನಡೆಯುತ್ತಿತ್ತು, ಹಾಗಾಗಿ ಔಷಧವೂ ಅಷ್ಟಕ್ಕೇ. ಬಿಪಿ ಮಾತ್ರೆಯನ್ನು ಎರಡು ವರ್ಷ ಕೊಟ್ಟು, ಬಿಪಿ ಇಳಿದಿದೆ, ಇನ್ನು ಸಾಕು ಎಂದು ಯಾರಾದರೂ ನಿಲ್ಲಿಸುತ್ತಾರಾ? 2024ರ ಕೊನೆಯಲ್ಲಿ ಇದೇ ಬಗೆಯ ಇನ್ನೊಂದು ಇಂಜೆಕ್ಷನ್ ಟಿರ್ಜೆಪಟೈಡ್‌ಗೆ ಒಪ್ಪಿಗೆ ಬಂದಾಗ ಆ ಮಿತಿ ಇರಲಿಲ್ಲ, ಆದರೆ ಅರ್ಹರೆಲ್ಲರಿಗೂ ತಲುಪಿಸಲು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ 12 ವರ್ಷದವರೆಗೆ ಸಮಯ ಸಿಕ್ಕಿತು. ಮೊದಲ ಸರದಿ ಬಿಎಂಐ 40 ದಾಟಿ, ಜೊತೆಗೆ ತೂಕಕ್ಕೆ ಸಂಬಂಧಿಸಿದ ಕನಿಷ್ಠ ನಾಲ್ಕು ಕಾಯಿಲೆ ಇರುವವರದು. ಅಂದರೆ ಇನ್ನೂ ಅಷ್ಟು ಹದಗೆಡದವರು ಕಾಯಬೇಕು. ಹಣವೂ ಸಿಬ್ಬಂದಿಯೂ ಸಾಲದು ಎನ್ನುವುದು ನಿಜವೇ. ಆದರೂ ಕಾಯುವಾಗ ಕಾಯಿಲೆ ಸುಮ್ಮನೆ ನಿಲ್ಲುವುದಿಲ್ಲ.

2022ರ ಲೆಕ್ಕದಲ್ಲಿ ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಜನರಿಗೆ ಬೊಜ್ಜಿದೆ. ಇಷ್ಟೂ ಜನರಿಗೆ ಇಂಜೆಕ್ಷನ್ ಬೇಕಿಲ್ಲ. ಬಿಎಂಐ ಒಂದನ್ನೇ ನೋಡಬೇಡಿ, ಸೊಂಟದ ಸುತ್ತಳತೆ ನೋಡಿ, ಅಂಗಾಂಗಗಳಿಗೆ ಏಟು ಬಿದ್ದಿದೆಯಾ ನೋಡಿ, ಬಿದ್ದಿದ್ದರೆ ರೋಗ ಎಂದೇ ಚಿಕಿತ್ಸೆ ಕೊಡಿ ಎಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2025ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ನೈಸ್ ಇನ್ನೊಂದು ಮಾತು ಸೇರಿಸಿತು: ಔಷಧ ನಿಲ್ಲಿಸಿದ ಮೇಲೂ ಕನಿಷ್ಠ ಒಂದು ವರ್ಷ ರೋಗಿಗೆ ಸಲಹೆ, ಬೆಂಬಲ ಸಿಗಬೇಕು. ಆರು ವರ್ಷ ಕಳೆದರೂ ಪಟ್ಟು ಬಿಡದ ಮೈಗೆ ಒಂದು ವರ್ಷ ಸಾಲದು. ಆದರೆ ತೂಕ ಇಳಿದ ಮೇಲಿನ ದಿನಗಳೂ ತನ್ನ ಜವಾಬ್ದಾರಿ ಎಂದು ವ್ಯವಸ್ಥೆ ಬರೆದುಕೊಂಡಿದೆ, ಕೇಳಲು ರೋಗಿಯ ಕೈಯಲ್ಲಿ ಈಗ ಅಷ್ಟಾದರೂ ಇದೆ.