ಈ ರಿವ್ಯೂವರ್‌ಗೆ ಓದೋಕೆ ಬರಲ್ವಾ?

ನನ್ನ ಹತ್ತಿರ ಪಿಎಚ್‌ಡಿಗೆ ಸೇರುವವರಿಗೆ ಒಂದು ಮಾತು ಮೊದಲೇ ಹೇಳಿಟ್ಟಿರುತ್ತೇನೆ. ಸಂಶೋಧನಾ ಪೇಪರ್ ರಿಜೆಕ್ಟ್ ಆದ ದಿನ ಜರ್ನಲ್‌ಗೆ ಉತ್ತರ ಬರೆಯಬೇಡಿ. ಬೈಯಲೇಬೇಕು ಅನ್ನಿಸಿದರೆ ನನ್ನ ರೂಮಿಗೆ ಬಂದು ಬೈಯಿರಿ. ಎರಡು ದಿನ ಬಿಟ್ಟು ಆ ಮೇಲ್ ಮತ್ತೆ ತೆಗೆಯೋಣ.

ನಾಲ್ಕೈದು ದಿನದಲ್ಲೇ ವಾಪಸ್ ಬಂದಿದ್ದರೆ ಅದು ಡೆಸ್ಕ್ ರಿಜೆಕ್ಷನ್. ಎಡಿಟರ್ ಹಂತದಲ್ಲೇ ನಿಂತಿದೆ, ಪೇಪರ್ ಓದಿ ಒಪ್ಪು-ತಪ್ಪು ಹೇಳುವ ರಿವ್ಯೂವರ್‌ಗಳ ಕೈಗೇ ಹೋಗಿಲ್ಲ. ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎಷ್ಟೋ ಸಲ ವಿಷಯ ಆ ಜರ್ನಲ್‌ಗೆ ಹೊಂದಿರುವುದಿಲ್ಲ, ಇಲ್ಲವೇ ಹೊಸದೇನು ಅನ್ನೋದು ಅಬ್‌ಸ್ಟ್ರಾಕ್ಟ್‌ನಲ್ಲಿ (ಪೇಪರ್‌ನ ಮೊದಲಿಗೆ ಬರುವ ಸಾರಾಂಶದಲ್ಲಿ) ಕಂಡಿರುವುದಿಲ್ಲ.

ತಿಂಗಳುಗಟ್ಟಲೆ ಕಾಯಿಸಿ, ಮೂರು ಪುಟ ಟೀಕೆಯ ಜೊತೆ ಬರುತ್ತದಲ್ಲ, ನೋಯಿಸುವುದು ಅದು. ಒಮ್ಮೆ ನನ್ನ ಪೇಪರ್‌ಗೆ ಎರಡನೇ ರಿವ್ಯೂವರ್, 'ಎಷ್ಟು ಜನರನ್ನು ಅಧ್ಯಯನಕ್ಕೆ ತೆಗೆದುಕೊಂಡಿರಿ ಅಂತಲೇ ಹೇಳಿಲ್ಲ' ಅಂತ ಬರೆದಿದ್ದರು. ಮೈಯೆಲ್ಲ ಉರಿಯಿತು. ಹೇಳಿದ್ದೇನಲ್ಲ! ತೋರಿಸಿಯೇ ಬಿಡೋಣ ಅಂತ ಪೇಪರ್ ತೆರೆದೆ. ಇತ್ತು. 9ನೇ ಪುಟದಲ್ಲಿ, ಎರಡನೇ ಟೇಬಲ್‌ನ ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ಬರೆದ ನನಗೇ ಹುಡುಕಲು ಐದು ನಿಮಿಷ ಹಿಡಿಯಿತು. ಆವತ್ತಿನಿಂದ ರಿವ್ಯೂವರ್ ತಪ್ಪಾಗಿ ಓದಿದ ಜಾಗಕ್ಕೆಲ್ಲ ಪೆನ್ಸಿಲ್ ಗೆರೆ ಎಳೆಯುತ್ತೇನೆ. ಅವರು ಹೇಳುವ ರಿಪೇರಿ ಎಷ್ಟೋ ಸಲ ಸರಿಯಿರಲ್ಲ. ಅವರು ಅಲ್ಲಿ ಎಡವಿದ್ದು ಮಾತ್ರ ನಿಜ, ಅಲ್ವಾ?

ಭೌತವಿಜ್ಞಾನಿ ಪೀಟರ್ ಹಿಗ್ಸ್ 1964ರಲ್ಲಿ ಕಳಿಸಿದ ಒಂದು ಪುಟ್ಟ ಪೇಪರನ್ನು 'ಫಿಸಿಕ್ಸ್ ಲೆಟರ್ಸ್' ಬೇಡ ಅಂದಿತು. ಅವರು ಅದನ್ನು ಸುಮ್ನೆ ಇನ್ನೊಂದು ಕಡೆ ತಳ್ಳಲಿಲ್ಲ. ಕೊನೆಯಲ್ಲಿ ಸ್ವಲ್ಪ ಸೇರಿಸಿ 'ಫಿಸಿಕಲ್ ರಿವ್ಯೂ ಲೆಟರ್ಸ್'ಗೆ ಕಳಿಸಿದರು. ಅದೇ ವರ್ಷ ಅಚ್ಚಾಯಿತು. ಮುಂದೆ ಅವರ ಹೆಸರು ಹೊತ್ತ ಕಣದ ಸುಳಿವು ಇದ್ದದ್ದು ಆ ಸೇರಿಸಿದ ಭಾಗದಲ್ಲೇ. (ನೊಬೆಲ್‌ಗೆ 2013ರ ತನಕ ಕಾಯಬೇಕಾಯಿತು, ಅದು ಬೇರೆ ಮಾತು.)

ತಿದ್ದದೆ ಇನ್ನೊಂದು ಜರ್ನಲ್‌ಗೆ ಕಳಿಸಿದರೆ ಅದು ಮತ್ತೆ ನನ್ನಂಥವರ ಕೈಗೇ ಬರುತ್ತದೆ. ಸಣ್ಣ ಕ್ಷೇತ್ರಗಳಲ್ಲಿ ರಿವ್ಯೂ ಮಾಡುವವರೂ ಕೆಲವರೇ. ಒಂದೇ ಪೇಪರ್ ಎರಡು ಜರ್ನಲ್‌ಗಳಿಂದ ನನಗೆ ಬಂದದ್ದುಂಟು. ಎರಡನೇ ಸಲವೂ ಮೂರನೇ ಗ್ರಾಫ್‌ನ ಅಕ್ಷಗಳ ಹೆಸರು ಅದಲುಬದಲಾಗಿಯೇ ಇತ್ತು.

ಅಪೀಲ್? ರಿವ್ಯೂವರ್ ಲೆಕ್ಕದಲ್ಲೋ ಮಾಹಿತಿಯಲ್ಲೋ ತಪ್ಪಿದ್ದು ತೋರಿಸಲು ಆಗುವಂತಿದ್ದರೆ ಹಾಕಿ. 'ನನ್ನ ಕೆಲಸದ ಬೆಲೆ ಅವರಿಗೆ ಗೊತ್ತಾಗಲಿಲ್ಲ' ಅನ್ನುವ ಅಪೀಲ್ ಗೆದ್ದದ್ದು ನಾನಂತೂ ಕಂಡಿಲ್ಲ.

ಬೇಸರದಲ್ಲಿದ್ದಾಗ ಇನ್ನೊಂದು ಅಪಾಯ ಇದೆ. 'ದುಡ್ಡು ಕಟ್ಟಿ, 7 ದಿನದಲ್ಲಿ ಪ್ರಕಟಿಸುತ್ತೇವೆ' ಅನ್ನುವ ಮೇಲ್‌ಗಳು ಆಗ ತುಂಬಾ ಸಿಹಿಯಾಗಿ ಕಾಣುತ್ತವೆ. ಅಲ್ಲಿ ರಿವ್ಯೂ ಹೆಸರಿಗಷ್ಟೇ. ಒಮ್ಮೆ ಅಚ್ಚಾದರೆ ಅದೇ ಪೇಪರನ್ನು ಒಳ್ಳೆಯ ಜರ್ನಲ್‌ಗೆ ಕಳಿಸುವಂತೆಯೂ ಇಲ್ಲ. ವಿದ್ಯಾರ್ಥಿಯೊಬ್ಬ ಅಂಥದ್ದೊಂದು ಮೇಲ್ ತೋರಿಸಿ, 'ಸರ್, ಇವರಾದ್ರೂ ನನ್ನನ್ನ ಡಿಯರ್ ಪ್ರೊಫೆಸರ್ ಅಂತ ಕರ್ದಿದ್ದಾರೆ' ಅಂದ. ಇಬ್ಬರೂ ನಕ್ಕೆವು. ಆಮೇಲೆ ಟೀಕೆಗಳ ಪ್ರಿಂಟ್ ತೆಗೆದುಕೊಂಡು, ಪೆನ್ಸಿಲ್ ಹಿಡಿದು ಕೂತೆವು.