8.6ರ ಭೂಕಂಪಕ್ಕೂ ಸಮುದ್ರ ಉಕ್ಕಲಿಲ್ಲವೇಕೆ?

ಪ್ರಶ್ನೆ: 2004ರಲ್ಲಿ ಸುಮಾತ್ರಾ ಬಳಿ ಭೂಕಂಪವಾದಾಗ ಸುನಾಮಿ ಬಂದು ಲಕ್ಷಾಂತರ ಜನ ಸತ್ತರು. 2012ರಲ್ಲೂ ಅದೇ ಕಡೆ ದೊಡ್ಡ ಭೂಕಂಪವಾಯಿತು, ಬೆಂಗಳೂರಿನಲ್ಲಿ ಕೂತ ಕುರ್ಚಿಯೂ ಅಲುಗಿತು. ಆಗ ಸುನಾಮಿ ಯಾಕೆ ಬರಲಿಲ್ಲ? ನಮ್ಮ ಕರಾವಳಿಗೆ ಇಂಥ ಭಯ ಇದೆಯೇ?

ಬರಲೇ ಇಲ್ಲ ಎನ್ನುವಂತಿಲ್ಲ. ಬಂತು, ಆದರೆ ಸುಮಾತ್ರಾದ ಉತ್ತರ ತುದಿಯ ಅಚೆ ಪ್ರಾಂತ್ಯದ ತೀರದಲ್ಲಿ ಅಳತೆಗೆ ಸಿಕ್ಕಿದ್ದು ಸುಮಾರು ಒಂದು ಮೀಟರ್ ನೀರು. 2004ರ ಡಿಸೆಂಬರ್ 26ರಂದು ಬಂದಾ ಅಚೆಯ ಆಸುಪಾಸಿನಲ್ಲಿ ನೀರು ಕೆಲವೆಡೆ 30 ಮೀಟರ್ ಎತ್ತರಕ್ಕೆ ಏರಿತ್ತು.

ಇದಕ್ಕೆ ತೀವ್ರತೆಯ ಅಂಕಿಯೇ ಕಾರಣ ಎಂದುಕೊಳ್ಳುವುದು ಸಹಜ. ಮೊದಲನೆಯದು 9.1, ಎರಡನೆಯದು 8.6. ಅರ್ಧ ಅಂಕದ ವ್ಯತ್ಯಾಸ ಕಡಿಮೆಯೇನಲ್ಲ, ಹೊರಬಿದ್ದ ಶಕ್ತಿಯಲ್ಲಿ ಐದಾರು ಪಟ್ಟು ಹೆಚ್ಚುಕಡಿಮೆ. ಆದರೆ ಇದೇ ಸುಮಾತ್ರಾದ ಪಕ್ಕದ ಮೆಂತಾವೈ ದ್ವೀಪಗಳಲ್ಲಿ 2010ರ ಅಕ್ಟೋಬರಿನಲ್ಲಿ ಆದದ್ದನ್ನು ನೋಡಿ. ಅಲ್ಲಿನ ತೀವ್ರತೆ ಬರೀ 7.8. ನೆಲ ಜೋರಾಗಿ ನಡುಗಲೂ ಇಲ್ಲ, ನಿಧಾನಕ್ಕೆ ತೂಗಿತು. ಇಷ್ಟೇ ತಾನೆ ಎಂದು ಮನೆಯಲ್ಲೇ ಉಳಿದವರನ್ನು ಸ್ವಲ್ಪ ಹೊತ್ತಿನಲ್ಲೇ ಅಲೆ ಬಂದು ಹೊಡೆಯಿತು. ಸತ್ತವರು 400ಕ್ಕೂ ಹೆಚ್ಚು. ಟಿವಿಯಲ್ಲಿ ಬರುವ ಆ ಒಂದು ಅಂಕಿಯನ್ನೇ ನೋಡುತ್ತ ಕೂತರೆ ಈ ಲೆಕ್ಕ ಬಗೆಹರಿಯುವುದಿಲ್ಲ.

ಕೇಳಬೇಕಾದದ್ದು ಬೇರೆ: ಸಮುದ್ರದ ತಳ ಯಾವ ದಿಕ್ಕಿಗೆ ಚಲಿಸಿತು?

ಸುಮಾತ್ರಾದಿಂದ ಅಂಡಮಾನಿನವರೆಗೆ ಸಮುದ್ರದೊಳಗೆ ಉದ್ದನೆಯ ಕಂದಕವಿದೆ. ನಾವು ಕೂತಿರುವ ಭೂಫಲಕ, ಅಂದರೆ ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡು, ಅಲ್ಲಿ ಪಕ್ಕದ ಫಲಕದ ಕೆಳಗೆ ತೂರಿಕೊಳ್ಳುತ್ತಿದೆ, ವರ್ಷಕ್ಕೆ ಕೆಲವು ಸೆಂಟಿಮೀಟರ್‌ನಂತೆ. ಸಲೀಸಾಗಿ ಜಾರುತ್ತಿದ್ದರೆ ತಂಟೆಯೇ ಇರಲಿಲ್ಲ. ಎರಡೂ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಕೆಳಗಿನದು ಒಳಗಿಳಿಯುತ್ತ ಮೇಲಿನದರ ಅಂಚನ್ನೂ ಎಳೆದು ಬಗ್ಗಿಸುತ್ತದೆ. ಬಿದಿರಿನ ದಬ್ಬೆಯನ್ನು ಬಗ್ಗಿಸಿ ಹಿಡಿದ ಹಾಗೆ, ನೂರಾರು ವರ್ಷ. 2004ರಲ್ಲಿ ಆ ಹಿಡಿತ ಬಿಟ್ಟಿತು. ಸುಮಾರು 1300 ಕಿ.ಮೀ. ಉದ್ದಕ್ಕೆ, ಅಂದರೆ ಬೆಂಗಳೂರಿನಿಂದ ಮುಂಬೈಗಿಂತಲೂ ದೂರ, ಹಲವು ನಿಮಿಷಗಳ ಕಾಲ ಬಿರುಕು ಓಡುತ್ತಲೇ ಹೋಯಿತು. ಅಂಚು ಚಿಮ್ಮಿ ಮೇಲೆದ್ದಿತು, ಅದರ ಹಿಂದಿನ ಭಾಗ ಕುಸಿಯಿತು. ಗ್ರೇಟ್ ನಿಕೋಬಾರಿನ ತುದಿಯ ಇಂದಿರಾ ಪಾಯಿಂಟ್ 4 ಮೀಟರಿಗೂ ಹೆಚ್ಚು ತಗ್ಗಿ, ದೀಪಸ್ತಂಭದ ಬುಡ ನೀರಿನಲ್ಲಿ ನಿಂತಿತು. ಅತ್ತ ಅಂಡಮಾನಿನ ವಾಯವ್ಯ ಭಾಗದಲ್ಲಿ ಹವಳದ ದಿಬ್ಬಗಳೇ ನೀರಿನಿಂದ ಹೊರಗೆದ್ದವು. ತಳ ಹೀಗೆ ಏರಿಳಿದರೆ ಅದರ ಮೇಲಿನ ನೀರಿಗೆ ಬೇರೆ ದಾರಿಯಿಲ್ಲ, ಅದೂ ಏರಿಳಿಯಬೇಕು. ಹೀಗೆ ಹುಟ್ಟಿದ ಅಲೆ ನಾಲ್ಕು ಕಿಲೋಮೀಟರ್ ಆಳದ ಕಡಲಿನಲ್ಲಿ ಗಂಟೆಗೆ 700 ಕಿ.ಮೀ. ವೇಗದಲ್ಲಿ ಓಡುತ್ತದೆ.

2012ರ ಏಪ್ರಿಲ್ 11ರ ಮಧ್ಯಾಹ್ನದ ಕಥೆಯೇ ಬೇರೆ. ಆ ಭೂಕಂಪ ಕಂದಕದಲ್ಲಿ ಆಗಲೇ ಇಲ್ಲ. ಅದರಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ಪಶ್ಚಿಮಕ್ಕೆ, ಫಲಕದ ಒಡಲಿನಲ್ಲೇ ಆಯಿತು. ಬಿರುಕಿನ ಎರಡು ಬದಿಗಳು ಹತ್ತಾರು ಮೀಟರ್ ಸರಿದವು ನಿಜ, ಆದರೆ ಅಕ್ಕಪಕ್ಕಕ್ಕೆ. ಬೋಗುಣಿಯ ನೀರಿನ ತಳದಲ್ಲಿ ಅಂಗೈ ಚಪ್ಪಟೆಯಾಗಿಟ್ಟು ಪಕ್ಕಕ್ಕೆ ಜಾರಿಸಿ ನೋಡಿ, ಮೇಲೆ ಅಷ್ಟೇನೂ ಕದಡುವುದಿಲ್ಲ. ಅದೇ ಅಂಗೈಯನ್ನು ದಿಢೀರನೆ ಮೇಲೆತ್ತಿದರೆ ನೆಲ ಒರೆಸುವ ಕೆಲಸ ನಿಮ್ಮದೇ.

ಹೀಗೆ ಅಡ್ಡ ಸರಿಯುವ ಭೂಕಂಪಗಳಲ್ಲಿ ಉಪಕರಣಗಳು ದಾಖಲಿಸಿದ ಅತಿ ದೊಡ್ಡದು ಇದೇ. ಒಂದಲ್ಲ, ಕನಿಷ್ಠ ನಾಲ್ಕು ಬಿರುಕುಗಳು ಒಟ್ಟಿಗೆ ಬಾಯಿಬಿಟ್ಟವು, ಅದೂ ಚೌಕಾಬಾರದ ಮನೆಗಳ ಗೆರೆಗಳಂತೆ ಒಂದಕ್ಕೊಂದು ಅಡ್ಡಡ್ಡ. ಎರಡು ಗಂಟೆಯಲ್ಲಿ ಇನ್ನೊಂದು, 8.2ರದ್ದು. ನನಗೆ ಸುನಾಮಿಗಿಂತ ಇದರ ಕಾರಣವೇ ಹೆಚ್ಚು ಸೋಜಿಗ. ಈ ಫಲಕದ ಭಾರತದ ಭಾಗಕ್ಕೆ ಉತ್ತರದಲ್ಲಿ ಹಿಮಾಲಯ ಅಡ್ಡ ನಿಂತಿದೆ. ಆಸ್ಟ್ರೇಲಿಯಾದ ಭಾಗಕ್ಕೆ ಅಂಥ ತಡೆಯಿಲ್ಲ, ಅದು ಸುಮಾತ್ರಾದ ಅಡಿಗೆ ನುಗ್ಗುತ್ತಲೇ ಇದೆ. ಒಂದು ತಡೆ ಸಿಕ್ಕಿ ನಿಧಾನವಾಗಿದೆ, ಇನ್ನೊಂದು ಮುಂದೆ ಹೋಗುತ್ತಿದೆ. ನಡುವಿನ ಸಮುದ್ರತಳ ಸೀಳಿಕೊಳ್ಳುತ್ತಿದೆ. ಒಂದೇ ಎಂದು ಶಾಲೆಯಲ್ಲಿ ಓದಿದ ಫಲಕ ಎರಡಾಗುತ್ತಿರುವುದರ ಗುರುತು ಅಂದಿನ ಭೂಕಂಪ ಎನ್ನುತ್ತಾರೆ ಭೂವಿಜ್ಞಾನಿಗಳು.

ಹಾಗಾದರೆ ಅಂದು ಸುನಾಮಿ ಎಚ್ಚರಿಕೆ ಕೊಟ್ಟದ್ದು ತಪ್ಪೇ? ಅಲ್ಲ. ಎಲ್ಲಿ ಆಯಿತು, ಎಷ್ಟು ದೊಡ್ಡದು ಎಂಬುದು ಬೇಗ ತಿಳಿಯುತ್ತದೆ. ತಳ ಯಾವ ದಿಕ್ಕಿಗೆ ಸರಿಯಿತು ಎನ್ನಲು ಇನ್ನಷ್ಟು ಹೊತ್ತು ಬೇಕು, ನೀರು ನಿಜಕ್ಕೂ ಎದ್ದಿದೆಯೇ ಎಂಬುದನ್ನು ಕಡಲಿನಲ್ಲಿಟ್ಟ ಮಾಪಕಗಳು ಹೇಳಬೇಕು. ಅಲ್ಲಿಯವರೆಗೆ ದಡದವರು ಕಾಯುವಂತಿಲ್ಲ. ಹೈದರಾಬಾದಿನ ನಮ್ಮ ಎಚ್ಚರಿಕೆ ಕೇಂದ್ರ ಶುರುವಾದದ್ದು 2007ರಲ್ಲಿ, 2004ರಲ್ಲಿ ಹಿಂದೂ ಮಹಾಸಾಗರಕ್ಕೆ ಅಂಥದ್ದೊಂದು ಇರಲೇ ಇಲ್ಲ. ಅಡ್ಡ ಸರಿದರೆ ಅಪಾಯವೇ ಇಲ್ಲವೆಂದೂ ಅಲ್ಲ. 2018ರಲ್ಲಿ ಇಂಡೊನೇಷ್ಯಾದ ಪಾಲು ನಗರದ ಭೂಕಂಪವೂ ಅಡ್ಡ ಸರಿದದ್ದೇ, 7.5ರದ್ದು. ಕಿರಿದಾದ ಕೊಲ್ಲಿ, ಜೊತೆಗೆ ನೀರೊಳಗೆ ಜರಿದ ಮಣ್ಣು, ಎರಡೂ ಸೇರಿ ಅಲ್ಲಿ ಸುನಾಮಿ ಎದ್ದಿತು.

ಇನ್ನು ಮಂಗಳೂರು, ಉಡುಪಿ, ಕಾರವಾರದ ಮಾತು. ನಮ್ಮ ಕರಾವಳಿಯ ಪಕ್ಕದಲ್ಲಿ ಫಲಕದ ಅಂಚಿಲ್ಲ. ಅರಬ್ಬಿ ಸಮುದ್ರದ ಮಟ್ಟಿಗೆ ಗಮನವಿಡಬೇಕಾದದ್ದು ಇರಾನ್–ಪಾಕಿಸ್ತಾನದ ಮಕ್ರಾನ್ ತೀರ, ಅಲ್ಲೂ ಒಂದು ಫಲಕ ಇನ್ನೊಂದರ ಅಡಿಗೆ ಹೋಗುತ್ತಿದೆ. 1945ರ ನವೆಂಬರ್ 28ರಂದು ಅಲ್ಲಿ 8.1ರ ಭೂಕಂಪವಾಗಿ, ಅಲೆ ಮುಂಬೈವರೆಗೂ ಬಂದು ಜನರನ್ನು ಎಳೆದೊಯ್ದಿತು. ಮಕ್ರಾನ್ ನಡುಗಿದ್ದು ಬೆಳಗಿನ ಜಾವಕ್ಕೆ ಮುಂಚೆ. ಮುಂಬೈಗೆ ನೀರು ಬಂದದ್ದು ಬೆಳಕು ಹರಿದ ಮೇಲೆ.