ತೋಳವಾಗುವ ಮನುಷ್ಯನಿಗೆ ಔಷಧಿ ಇದೆಯಾ?

ಮನೋವೈದ್ಯ ಅಂತ ಗೊತ್ತಾದರೆ ಸಾಕು, ಸಿನಿಮಾ ಹುಚ್ಚಿನ ಹುಡುಗರು ಕೇಳುತ್ತಾರೆ: "ಡಾಕ್ಟ್ರೇ, ಮನುಷ್ಯ ತೋಳ ಆಗೋದು ನಿಜವಾಗ್ಲೂ ಕಾಯಿಲೆನಾ?"

ತಾನು ಪ್ರಾಣಿಯಾಗಿದ್ದೇನೆ ಎಂಬ ಭ್ರಮೆಯಂತೂ ಇದೆ. ಅದಕ್ಕೆ ಲೈಕಾಂತ್ರೊಪಿ ಅನ್ನುತ್ತೇವೆ. ಅಮೆರಿಕದ ಮೆಕ್ಲೀನ್ ಆಸ್ಪತ್ರೆಯ ವೈದ್ಯರು 1988ರಲ್ಲಿ ಇಂಥ 12 ರೋಗಿಗಳ ಬಗ್ಗೆ ಬರೆದಿದ್ದಾರೆ. ತೀರಾ ಅಪರೂಪ. ಬೈಪೋಲಾರ್, ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆಗಳ ಜೊತೆ ಬರುತ್ತದೆ, ಚಿಕಿತ್ಸೆಯೂ ಅವಕ್ಕೇ. ತೋಳವಾಗುವ ಮನುಷ್ಯನಿಗೆ ಬೆಳ್ಳಿ ಕಂಡರೆ ಭಯ, ಅವನು ಕಚ್ಚಿದರೆ ಇನ್ನೊಬ್ಬರಿಗೂ ಅದು ಅಂಟುತ್ತೆ, ಇವನ್ನೆಲ್ಲ ಜನರ ತಲೆಗೆ ತುಂಬಿದ್ದು ಮುಖ್ಯವಾಗಿ 1941ರ ಹಾಲಿವುಡ್ ಸಿನಿಮಾ 'ದ ವುಲ್ಫ್ ಮ್ಯಾನ್'.

ಹಾಗಂತ ತೋಳ ಆಗ್ತೀನಿ ಅಂದವರೆಲ್ಲ ರೋಗಿಗಳಲ್ಲ. ನನಗೆ ಇಷ್ಟವಾದ ಕೇಸು ಥೀಸ್ ಎಂಬ ಮುದುಕನದು. 1692, ಈಗಿನ ಲಾಟ್ವಿಯಾದ ಯುರ್ಗೆನ್ಸ್‌ಬುರ್ಗ್. ಎಂಬತ್ತು ದಾಟಿದ ರೈತ. ಚರ್ಚಿನ ಕಳ್ಳತನದ ಕೇಸಿಗೆ ಸಾಕ್ಷಿ ಹೇಳಲು ಬಂದಿದ್ದ. ಇವನು ತೋಳ ಆಗ್ತಾನೆ ಅನ್ನೋದು ಊರಿಗೇ ಗೊತ್ತು ಎಂದು ಇನ್ನೊಬ್ಬ ಸಾಕ್ಷಿ ನಕ್ಕುಬಿಟ್ಟ. ಮುದುಕ ಅಲ್ಲಗಳೆಯಲಿಲ್ಲ. ತೋಳ ಆಗುವ ನಾವು ದೇವರ ನಾಯಿಗಳು, ವರ್ಷಕ್ಕೆ ಮೂರು ಸಲ ನರಕಕ್ಕೆ ಹೋಗಿ ಮಾಟಗಾರರು ಕದ್ದ ಬೆಳೆಯನ್ನು ವಾಪಸ್ ತರ್ತೀವಿ ಅಂದ. ಅಲ್ಲೊಬ್ಬ ಮಾಟಗಾರ ಕುದುರೆ ಬಾಲ ಸುತ್ತಿದ ಪೊರಕೆ ಕೋಲಿನಿಂದ ಹೊಡೆದು ಥೀಸ್‌ನ ಮೂಗು ಮುರಿದಿದ್ದನಂತೆ!

ಇವನಿಗೆ ಬುದ್ಧಿ ಸರಿ ಇದೆಯಾ ಎಂದು ನ್ಯಾಯಾಧೀಶರು ಊರವರನ್ನು ಕೇಳಿದರು. ಯಾವತ್ತೂ ಕೆಟ್ಟಿಲ್ಲ ಅಂದರು ಅವರು.

ನಾವು ಓಪಿಡಿಯಲ್ಲಿ ಕೇಳುವುದೂ ಅದನ್ನೇ. ಮೈಮೇಲೆ ದೇವರು ಬರುತ್ತೆ ಅನ್ನುವವರನ್ನು ಕರೆತಂದರೆ, ಮನೆಯವರೂ ಊರವರೂ ಅದನ್ನು ಒಪ್ಪುತ್ತಾರಾ, ಬೇರೆ ದಿನ ಹೊಲ, ಅಡಿಗೆ, ವ್ಯವಹಾರ ಸರಿಯಾಗಿ ನಡೆಯುತ್ತಾ ಎಂದು ವಿಚಾರಿಸುತ್ತೇನೆ. ಎರಡಕ್ಕೂ ಹೌದು ಅಂದರೆ, ಬೇರೆ ತೊಂದರೆ ಕಾಣದಿದ್ದರೆ, ಸುಮ್ನೆ ಮಾತ್ರೆ ಬರೆಯುವುದಿಲ್ಲ. ಊರೇ ನಂಬುವ ಮಾತನ್ನು ಒಬ್ಬನ ಭ್ರಮೆ ಅನ್ನಲಾಗದು. ಊರು ನಂಬದ್ದನ್ನು ಒಬ್ಬನೇ ಗಟ್ಟಿಯಾಗಿ ಹಿಡಿದು ಊಟ, ನಿದ್ದೆ ಬಿಟ್ಟಿದ್ದರೆ ಮಾತ್ರ ನನಗೆ ಆತಂಕ.

ಪಾದ್ರಿ ಎಷ್ಟು ಹೇಳಿದರೂ ತಾನು ಮಾಡಿದ್ದು ಪಾಪ ಅಂತ ಥೀಸ್ ಒಪ್ಪಲಿಲ್ಲ. ಛಡಿಯೇಟು ಕೊಟ್ಟು ಗಡಿಪಾರು ಮಾಡಿದರು. ಬುದ್ಧಿ ಸರಿ ಇದ್ದದ್ದೇ ಅವನಿಗೆ ಮುಳುವಾಯಿತು ಅನ್ನಿಸುತ್ತೆ. 1603ರಲ್ಲಿ ತಾನು ತೋಳ ಎಂದ ಝಾನ್ ಗ್ರೆನಿಯೆ ಎಂಬ ಹುಡುಗನಿಗೆ ಬುದ್ಧಿ ಬಲಿತಿಲ್ಲ ಎಂದು ಫ್ರಾನ್ಸಿನ ಬೋರ್ಡೋ ನ್ಯಾಯಾಲಯ ಮರಣದಂಡನೆ ಕೊಡದೆ ಕ್ರೈಸ್ತ ಮಠಕ್ಕೆ ಕಳಿಸಿತ್ತು.